ಚಿನ್ನ ಅಗ್ಗ, ತಂಪು ತುಟ್ಟಿ

ದುಬೈನ ಬುರ್ಜ್ ಅಲ್ ಅರಬ್ ಹೋಟೆಲಿನ ಒಳಗೆ ಸುಮಾರು 1,790 ಚದರ ಮೀಟರ್ ಜಾಗಕ್ಕೆ 24 ಕ್ಯಾರಟ್ ಚಿನ್ನದ ರೇಕು ಹಚ್ಚಿದ್ದಾರೆ. ಹೋಟೆಲಿನವರೇ ಹೆಮ್ಮೆಯಿಂದ ಹೇಳಿಕೊಳ್ಳುವ ಲೆಕ್ಕ ಇದು. ನಮ್ಮ ಹಾನಗಲ್ ಕಡೆಯ ಅಳತೆಯಲ್ಲಿ ಸುಮಾರು ಹದಿನೇಳೂಮುಕ್ಕಾಲು ಗುಂಟೆ. ಹದಿನೇಳೂಮುಕ್ಕಾಲು ಗುಂಟೆ ಚಿನ್ನ ಎಂದರೆ ಯಾರ ಕಣ್ಣಾದರೂ ಅಗಲವಾಗಬೇಕು. ಆದರೆ ರೇಕಿನ ದಪ್ಪ ಎಷ್ಟು ಗೊತ್ತೆ? ಒಂದು ಮಿಲಿಮೀಟರನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಸರಿಸುಮಾರು ಒಂದು ಪಾಲು. ವಿಸ್ತೀರ್ಣವನ್ನು ದಪ್ಪದಿಂದಲೂ ಚಿನ್ನದ ಸಾಂದ್ರತೆಯಿಂದಲೂ ಗುಣಿಸಿದರೆ ಬರುವ ತೂಕ ಮೂರೂವರೆ ಕಿಲೋ ಆಸುಪಾಸು. ಅಷ್ಟನ್ನೂ ಕರಗಿಸಿದರೆ ಒಂದು ನೀರಿನ ಲೋಟ ತುಂಬಬಹುದು, ಅಷ್ಟೇ. ಹುಬ್ಬಳ್ಳಿಯ ಒಂದು ದೊಡ್ಡ ಆಭರಣದ ಅಂಗಡಿಯ ಕಪಾಟಿನಲ್ಲಿ ಇದಕ್ಕಿಂತ ಹೆಚ್ಚು ಇರುತ್ತದೆ.

ಚಿನ್ನದ ಪುಡಿ ಉದುರಿಸಿದ ಕಾಫಿಯ ಕತೆಯೂ ಹೀಗೆಯೇ. ಅಬುಧಾಬಿಯ ಎಮಿರೇಟ್ಸ್ ಪ್ಯಾಲೇಸ್ ಹೋಟೆಲಿನಲ್ಲಿ ಆ ಕಾಫಿ ಕುಡಿದು ಫೋಟೊ ಹಾಕದವರಿಲ್ಲ. ಲೋಟದ ಮೇಲೆ ಬೀಳುವುದು ಕೆಲವು ಮಿಲಿಗ್ರಾಂ ಲೋಹ. ಅದಕ್ಕೆ ರುಚಿಯಿಲ್ಲ, ಜೀರ್ಣವೂ ಆಗುವುದಿಲ್ಲ. ಕೊಲ್ಲಿ ನಗರಗಳ ಐಷಾರಾಮಿ ಹೋಟೆಲ್ ಎಂದೊಡನೆ ನಮ್ಮ ಜನ ಮಾತಾಡುವುದು ಈ ಚಿನ್ನದ ಬಗ್ಗೆಯೇ. ನನ್ನ ಲೆಕ್ಕದಲ್ಲಿ ಅಲ್ಲಿ ಎಲ್ಲಕ್ಕಿಂತ ಅಗ್ಗದ ವಸ್ತು ಅದು. ಅತಿಥಿ ಹಣ ಕೊಡುವುದು ಬೇರೆ ಮೂರಕ್ಕೆ: ತಂಪಿಗೆ, ನೀರಿಗೆ, ಮತ್ತು ಕಣ್ಣಿಗೆ ಬೀಳದಂತೆ ದುಡಿಯುವ ಕೈಗಳಿಗೆ.

ಅದಕ್ಕೂ ಮೊದಲು ‘ಏಳು ತಾರೆ’ಯ ಮಾತು ಮುಗಿಸಿಬಿಡೋಣ. ಬುರ್ಜ್ ಅಲ್ ಅರಬ್ 1999ರ ಡಿಸೆಂಬರಿನಲ್ಲಿ ಬಾಗಿಲು ತೆರೆದಾಗ ಅದನ್ನು ನೋಡಿ ಬಂದ ಪತ್ರಕರ್ತರೊಬ್ಬರು ಮೆಚ್ಚಿ ಬರೆದ ವಿಶೇಷಣ ಅದು. ಯಾವ ಸರ್ಕಾರವೂ ಏಳು ತಾರೆ ಕೊಡುವುದಿಲ್ಲ. ದುಬೈನ ವರ್ಗೀಕರಣ ಐದಕ್ಕೇ ನಿಲ್ಲುತ್ತದೆ. ತಾರೆ ಕೊಡುವವರು ನೋಡುವುದು ಕೋಣೆಯ ಅಳತೆ, ರಾತ್ರಿಯಿಡೀ ತೆರೆದಿರುವ ಸ್ವಾಗತ ಕೌಂಟರ್, ಕೋಣೆಗೆ ಊಟ ಒಯ್ಯುವ ವ್ಯವಸ್ಥೆ ಮುಂತಾದವುಗಳ ಪಟ್ಟಿ. ಹೋಟೆಲಿನ ನಿಜವಾದ ಸಾಹಸ ಅದರ ಬುಡದಲ್ಲಿದೆ. ದಡದಿಂದ 280 ಮೀಟರ್ ದೂರ ಕಡಲಿನಲ್ಲಿ ಒಂದು ದ್ವೀಪ ಕಟ್ಟಿ, 321 ಮೀಟರ್ ಎತ್ತರದ ಕಟ್ಟಡ ನಿಲ್ಲಿಸಿದ್ದಾರೆ. ಆತುಕೊಳ್ಳಲು ಗಟ್ಟಿ ಬಂಡೆ ಸಿಗಲಿಲ್ಲ. 40 ಮೀಟರ್ ಉದ್ದದ ಕಾಂಕ್ರೀಟ್ ಕಂಬಗಳನ್ನು ಮರಳಿನಲ್ಲಿ ಇಳಿಸಿ, ಮರಳು ಕಂಬವನ್ನು ಹಿಡಿದುಕೊಳ್ಳುವ ಘರ್ಷಣೆಯ ಬಲದ ಮೇಲೆಯೇ ಅಷ್ಟನ್ನೂ ಹೊರಿಸಿದ್ದಾರೆ. ಚಿನ್ನದ ರೇಕು ನೋಡಲು ಹೋದವರು ಇದನ್ನು ನೋಡುವುದಿಲ್ಲ, ನೋಡಲು ಬರುವುದೂ ಇಲ್ಲ.

ಈಗ ತಂಪು. ಜುಲೈ-ಆಗಸ್ಟಿನಲ್ಲಿ ದುಬೈನ ಮಧ್ಯಾಹ್ನ 45 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಅದಕ್ಕಿಂತ ಹೈರಾಣು ಮಾಡುವುದು ಸಮುದ್ರದ ತೇವ. ಹವಾನಿಯಂತ್ರಿತ ಲಾಬಿಯಿಂದ ಹೊರಗೆ ಕಾಲಿಟ್ಟರೆ ಸಾಕು, ತಣ್ಣಗಾಗಿದ್ದ ಕನ್ನಡಕದ ಮೇಲೆ ಹೊರಗಿನ ಆವಿ ಕೂತು ಕಣ್ಣೇ ಕಾಣದಂತಾಗುತ್ತದೆ. ಮೊಬೈಲಿನ ಕ್ಯಾಮೆರಾಕ್ಕೂ ಅದೇ ಗತಿ. ನಮ್ಮಲ್ಲಿ ಚಳಿಗಾಲದ ಮುಂಜಾವು ಬಿಸಿ ಚಹಾ ಕುಡಿಯುವಾಗ ಕನ್ನಡಕ ಮಸುಕಾಗುತ್ತದೆ. ಅಲ್ಲಿ ನಡುಬೇಸಿಗೆಯ ರಾತ್ರಿ ಒಂಬತ್ತಕ್ಕೆ ಬೀದಿಗೆ ಬಂದರೂ ಹಾಗೆ ಆಗುತ್ತದೆ. ಒಳಗೆ ಕೋಣೆಯನ್ನು 18-20 ಡಿಗ್ರಿಗೆ ಇಳಿಸಿ, ಮಂಚದ ಮೇಲೆ ನಮ್ಮ ಎರಡು ಕೌದಿಗಳಷ್ಟು ದಪ್ಪದ ರಜಾಯಿ ಹಾಸಿಟ್ಟಿರುತ್ತಾರೆ. ಮರುಭೂಮಿಯಲ್ಲಿ ಹೊದ್ದು ಮಲಗುವ ಚಳಿಯನ್ನು ಕೊಳ್ಳುವುದು! ಇದರಲ್ಲಿ ಒಂದು ಬಗೆಯ ಹುಚ್ಚು ಇದೆ ಎಂದು ನನಗೆ ಅನ್ನಿಸಿದ್ದು ಸುಳ್ಳಲ್ಲ. ರಜಾಯಿಯೊಳಗೆ ಸೊಗಸಾಗಿ ನಿದ್ದೆ ಬಂದದ್ದೂ ಸುಳ್ಳಲ್ಲ.

ಈ ತಂಪು ತಯಾರಾಗುವ ಬಗೆ ಸ್ವಾರಸ್ಯದ್ದು. ಎಸಿ ಅಂಗಡಿಯವರು ‘ಒಂದೂವರೆ ಟನ್ ಮಷಿನ್’ ಎನ್ನುವುದು ಯಂತ್ರದ ತೂಕವಲ್ಲ. ಇಪ್ಪತ್ನಾಲ್ಕು ಗಂಟೆಯಲ್ಲಿ ಸುಮಾರು 907 ಕಿಲೋ ಮಂಜುಗಡ್ಡೆ ಕರಗುವಾಗ ಎಷ್ಟು ಶಾಖ ಹೀರುತ್ತದೆಯೋ ಅಷ್ಟನ್ನು ಹೊರಗೆ ಹಾಕುವ ಶಕ್ತಿಗೆ ಒಂದು ಟನ್ ಎಂದು ಲೆಕ್ಕ. ಐಸ್‌ ಗಾಡಿಗಳ ಕಾಲದ ಅಳತೆ ಇಂದಿಗೂ ಉಳಿದುಬಂದಿದೆ. ಒಂದೂವರೆ ಟನ್ನಿನ ಯಂತ್ರ ದಿನವಿಡೀ ಪೂರ್ತಿ ದುಡಿದರೆ ಆ ಕೋಣೆಗೆ ಸುಮಾರು 1,360 ಕಿಲೋ ಮಂಜುಗಡ್ಡೆ ತಂದು ಸುರಿದಂತೆ. ನೂರಾರು ಕೋಣೆಗಳ ಹೋಟೆಲಿನಲ್ಲಿ ಕಿಟಕಿಗೊಂದು ಯಂತ್ರ ತೂಗುಹಾಕಿದರೆ ಅಂದವೂ ಕೆಟ್ಟಿತು, ವಿದ್ಯುತ್ ಬಿಲ್ಲೂ ಕೆಟ್ಟಿತು. ಅದಕ್ಕೇ ದುಬೈನ ಎಷ್ಟೋ ಬಡಾವಣೆಗಳಲ್ಲಿ ತಂಪನ್ನೇ ನಲ್ಲಿ ನೀರಿನಂತೆ ಹಂಚುತ್ತಾರೆ. ಒಂದೆಡೆ ದೊಡ್ಡ ಸ್ಥಾವರ. ಅಲ್ಲಿ ನೀರನ್ನು ಸುಮಾರು 5 ಡಿಗ್ರಿಗೆ ತಣಿಸಿ, ಶಾಖ ತಾಗದಂತೆ ಹೊದಿಕೆ ಹಾಕಿದ ಕೊಳವೆಗಳಲ್ಲಿ ನೆಲದಡಿ ಹರಿಸುತ್ತಾರೆ. ಹೋಟೆಲಿಗೆ ಬಂದ ನೀರು ಕೋಣೆಗಳ ಶಾಖ ಹೊತ್ತುಕೊಂಡು, ಬೆಚ್ಚಗಾಗಿ, ಮತ್ತೆ ತಣಿಯಲು ಸ್ಥಾವರಕ್ಕೆ ಮರಳುತ್ತದೆ. ಮೀಟರ್ ಓಡುವುದು ಟನ್-ಗಂಟೆಯಲ್ಲಿ. ಕೆಲವೆಡೆ ರಾತ್ರಿಯೇ ನೀರು ತಣಿಸಿ ದೊಡ್ಡ ತೊಟ್ಟಿಗಳಲ್ಲಿ ಕೂಡಿಟ್ಟು, ಮಧ್ಯಾಹ್ನ ಹೊರೆ ಹೆಚ್ಚಿರುವ ಹೊತ್ತಿನಲ್ಲಿ ಬಳಸುವುದೂ ಉಂಟು. ಕೊಲ್ಲಿ ನಾಡುಗಳಲ್ಲಿ ನಡುಬೇಸಿಗೆಯ ವಿದ್ಯುತ್ ಬೇಡಿಕೆಯ ಅರ್ಧಕ್ಕೂ ಹೆಚ್ಚು ಪಾಲು ಈ ತಂಪಿಗೇ ಹೋಗುತ್ತದೆ.

ಗಾಳಿ ತಣಿದಾಗ ಅದರೊಳಗಿನ ತೇವ ನೀರಾಗಿ ಇಳಿಯುತ್ತದೆ. ಮನೆಯ ಎಸಿಯಿಂದ ಬಕೆಟ್ಟಿಗೆ ತೊಟ್ಟಿಕ್ಕುವ ನೀರೇ ಇದು. 828 ಮೀಟರ್ ಎತ್ತರದ ಬುರ್ಜ್ ಖಲೀಫಾದಲ್ಲಿ ಇದನ್ನು ಪೋಲು ಮಾಡದೆ ಹಿಡಿಯುತ್ತಾರೆ. ವರ್ಷಕ್ಕೆ ಸುಮಾರು ಐದೂಮುಕ್ಕಾಲು ಕೋಟಿ ಲೀಟರ್! ಸುತ್ತಲಿನ ಗಿಡಮರಗಳಿಗೆ ಅದನ್ನು ಹಾಯಿಸುತ್ತಾರೆ. ಕಟ್ಟಡದ ಬೆವರಿನಲ್ಲಿ ತೋಟ ಬೆಳೆಯುತ್ತಿದೆ ಎಂದರೂ ತಪ್ಪಿಲ್ಲ.

ಎಣ್ಣೆ ಸಿಗುವ ಮೊದಲು ಅಲ್ಲಿಯ ಜನ ಏನು ಮಾಡುತ್ತಿದ್ದರು? ಅನುಕೂಲವಿದ್ದವರು ಮನೆಯ ಮೇಲೆ ‘ಬರ್ಜೀಲ್’ ಎಂಬ ಗಾಳಿಗೋಪುರ ಕಟ್ಟಿಸುತ್ತಿದ್ದರು. ನಾಲ್ಕೂ ದಿಕ್ಕಿಗೆ ತೆರೆದ ಈ ಗೋಪುರ ಎತ್ತರದಲ್ಲಿ ಬೀಸುವ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ. ದುಬೈನ ಅಲ್ ಫಹೀದಿ ಹಳೇಪೇಟೆಯಲ್ಲಿ ಇಂಥ ಮನೆಗಳನ್ನು ಉಳಿಸಿಕೊಂಡಿದ್ದಾರೆ. ಗೋಪುರದ ಕೆಳಗೆ ನಿಂತರೆ ನೆತ್ತಿಗೆ ಗಾಳಿ ತಾಗುತ್ತದೆ. ಉಳಿದವರು ಬೇಸಿಗೆಗೆ ಊರು ಬಿಟ್ಟು ಖರ್ಜೂರದ ತೋಪುಗಳಿರುವ ಓಯಸಿಸ್‌ಗಳಿಗೆ ಗುಳೆ ಹೋಗುತ್ತಿದ್ದರು, ಇಲ್ಲವೇ ಮುತ್ತು ಹೆಕ್ಕುವ ಹಡಗು ಹತ್ತುತ್ತಿದ್ದರು. 1930ರ ದಶಕದಲ್ಲಿ ಜಪಾನಿನ ಸಾಕುಮುತ್ತು ಬಂದು ಆ ದಂಧೆಯೂ ಮುಳುಗಿತು.

ನೀರಿನ ಮಾತಿಗೆ ಬಂದರೆ ನಮ್ಮ ಕಡೆಯವರಿಗೆ ಅದು ಚೆನ್ನಾಗಿ ತಿಳಿಯಬೇಕು. ಹಾನಗಲ್ಲಿಗೆ ಆನೆಕೆರೆ ಇದೆ, ಮಳಗಿಯ ಧರ್ಮಾ ಜಲಾಶಯದ ಕಾಲುವೆ ಇದೆ. ಹಿರೇಕೆರೂರಿಗೆ ಕುಮುದ್ವತಿಯನ್ನು ತಡೆದು ಕಟ್ಟಿದ ಮದಗ-ಮಾಸೂರು ಕೆರೆ ಇದೆ. ಸವಣೂರು ಸೀಮೆಯಲ್ಲಿ ವರದೆ ಹರಿಯುತ್ತಾಳೆ. ಮಳೆ ಕೈಕೊಟ್ಟ ವರ್ಷ ನಾವು ಎಷ್ಟು ಗೋಳಾಡಿದರೂ, ವರ್ಷಕ್ಕೆ ಸರಾಸರಿ 100 ಮಿಲಿಮೀಟರ್ ಮಳೆಯೂ ಕಷ್ಟವಾಗಿರುವ ದುಬೈಗೆ ನಮ್ಮ ಬರಗಾಲವೇ ಸುಭಿಕ್ಷ. ನದಿಯಿಲ್ಲ, ಕೆರೆಯಿಲ್ಲ. ಹೋಟೆಲಿನ ಸ್ನಾನದ ತೊಟ್ಟಿ, ಈಜುಕೊಳ, ಕಾರಂಜಿ, ಹುಲ್ಲುಹಾಸು, ದಿನವೂ ಒಗೆಯುವ ಚಾದರ, ಟವೆಲ್‌ಗಳಿಗೆ ಬೇಕಾದ ನೀರೆಲ್ಲ ಮೂಲದಲ್ಲಿ ಕಡಲಿನದು. ಅದೂ ಎಂಥ ಕಡಲು? ಸಾಮಾನ್ಯ ಸಾಗರದ ಒಂದು ಲೀಟರ್ ನೀರಿನಲ್ಲಿ 35 ಗ್ರಾಂ ಉಪ್ಪಿದ್ದರೆ, ಆವಿಯಾಗುವುದು ಹೆಚ್ಚು, ಸೇರುವ ಸಿಹಿನೀರು ಕಡಿಮೆ ಆದ್ದರಿಂದ ಕೊಲ್ಲಿಯಲ್ಲಿ 40 ಗ್ರಾಂ ದಾಟುತ್ತದೆ.

ಹಳೆಯ ವಿಧಾನದಲ್ಲಿ ವಿದ್ಯುತ್ ಸ್ಥಾವರದ ಮಿಕ್ಕ ಹಬೆಯಿಂದ ಸಮುದ್ರದ ನೀರನ್ನು ಕಾಯಿಸಿ, ಒತ್ತಡ ಕಡಿಮೆಯಿರುವ ಕೊಠಡಿಗಳ ಸಾಲಿಗೆ ಬಿಡುತ್ತಾರೆ. ಒತ್ತಡ ಇಳಿದಂತೆ ನೀರು ತಟಕ್ಕನೆ ಆವಿಯಾಗುತ್ತದೆ, ಆವಿ ತಣಿದು ಸಿಹಿನೀರಾಗುತ್ತದೆ. ಜೆಬೆಲ್ ಅಲಿಯ ಸ್ಥಾವರಗಳು ಬೆಳೆದದ್ದು ಈ ವಿಧಾನದಿಂದ. ದುಬೈನ ಒಟ್ಟು ಸಾಮರ್ಥ್ಯ ಈಗ ದಿನಕ್ಕೆ 200 ಕೋಟಿ ಲೀಟರಿಗಿಂತ ಹೆಚ್ಚು. ಹೊಸ ವಿಧಾನ ನಮ್ಮ ಹಳ್ಳಿಗಳ ಶುದ್ಧ ನೀರಿನ ಘಟಕಗಳ ಆರ್‌ಒ ತಂತ್ರವೇ, ಒತ್ತಡ ಮಾತ್ರ ಹಲವು ಪಟ್ಟು. ಸಾವಿರ ಲೀಟರ್ ಸಮುದ್ರದ ನೀರು ಸಿಹಿಯಾಗಲು ಮೂರು-ನಾಲ್ಕು ಯೂನಿಟ್ ವಿದ್ಯುತ್ ಬೇಕು. ಹಾಗಾಗಿ ಕೊಲ್ಲಿಯಲ್ಲಿ ನಲ್ಲಿ ಬಿಡುವುದೂ ದೀಪ ಉರಿಸಿದಂತೆಯೇ. ಈ ವ್ಯವಸ್ಥೆ ಎಷ್ಟು ನಾಜೂಕು ಎಂಬುದು 2008-09ರಲ್ಲಿ ಗೊತ್ತಾಯಿತು. ಕಡಲಲ್ಲಿ ಕೆಂಪು ಪಾಚಿ ಹಬ್ಬಿ ಸೋಸುಪರದೆಗಳು ಕಟ್ಟಿಕೊಂಡು, ಯುಎಇಯ ಕೆಲವು ಸ್ಥಾವರಗಳನ್ನು ನಿಲ್ಲಿಸಬೇಕಾಯಿತು. ಇನ್ನೊಂದು ಬಗೆಯ ಪಾಠ 2024ರ ಏಪ್ರಿಲ್ 16ರದು. ಅಂದು ದುಬೈ ವಿಮಾನ ನಿಲ್ದಾಣದಲ್ಲಿ 24 ಗಂಟೆಗಳಲ್ಲಿ ಸುಮಾರು 142 ಮಿಲಿಮೀಟರ್ ಮಳೆ ಸುರಿಯಿತು. ನಮ್ಮ ಮಲೆನಾಡ ಸೆರಗಿನ ಜನಕ್ಕೆ ಅದು ಆಷಾಢದ ಒಂದು ಜೋರು ದಿನ. ಅಲ್ಲಿ ವಿಮಾನಗಳೇ ನೀರಿನಲ್ಲಿ ನಿಂತವು. ಮಳೆಯೇ ಬಾರದ ಊರಿಗೆ ಗಟಾರ ಯಾಕೆ ಎಂದು ಕಟ್ಟಿದವರು ಅಂದುಕೊಂಡಿರಬೇಕು.

ಇಷ್ಟೆಲ್ಲ ಖರ್ಚಿದ್ದೂ ಆಗಸ್ಟಿನಲ್ಲಿ ಅದೇ ಕೋಣೆ ಡಿಸೆಂಬರಿನ ಅರ್ಧ ದರಕ್ಕೆ ಹೇಗೆ ಸಿಗುತ್ತದೆ? ಸವಣೂರಿನ ಎಲೆ ವ್ಯಾಪಾರಿಗೆ ಈ ಗುಟ್ಟು ಹೇಳಿಕೊಡಬೇಕಿಲ್ಲ. ವೀಳ್ಯದೆಲೆಯ ಪೆಂಡಿ ಇಂದು ಹೋಗದಿದ್ದರೆ ನಾಳೆ ಹಳದಿ, ನಾಡಿದ್ದು ಕಸ. ಹೋಟೆಲ್ ಕೋಣೆ ಇನ್ನೂ ಬೇಗ ಕೆಡುವ ಸರಕು, ಇಂದಿನ ರಾತ್ರಿ ಖಾಲಿ ಉಳಿದರೆ ಆ ರಾತ್ರಿಯನ್ನು ಮತ್ತೆಂದೂ ಮಾರಲಾಗದು. ದುಬೈನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹೋಟೆಲ್ ಕೋಣೆಗಳಿವೆ. ತಂಪಿನ ಸ್ಥಾವರ, ಸಿಬ್ಬಂದಿ, ಸಾಲದ ಬಡ್ಡಿ ಇವೆಲ್ಲ ಕೋಣೆ ತುಂಬಿದರೂ ಖಾಲಿಯಿದ್ದರೂ ನಡೆಯಲೇಬೇಕು. ಹಾಗಾಗಿ ದರ ಹೊತ್ತುಹೊತ್ತಿಗೆ ಬದಲಾಗುತ್ತದೆ. ನವೆಂಬರಿನಿಂದ ಮಾರ್ಚಿನವರೆಗೆ ಏರುತ್ತದೆ, ಸೆಕೆಗಾಲದಲ್ಲಿ ಇಳಿಯುತ್ತದೆ. ಹೊರಗಿನ ತಂಪು ಪುಕ್ಕಟೆ ಇರುವಾಗ ಕೋಣೆ ತುಟ್ಟಿ, ಒಳಗಿನ ತಂಪಿಗೆ ಹೋಟೆಲಿನವರ ಖರ್ಚು ಅತಿ ಹೆಚ್ಚಿರುವಾಗ ಕೋಣೆ ಅಗ್ಗ!

ಜಾಹೀರಾತಿನ ದರ ನೋಡಿ ಲೆಕ್ಕ ಹಾಕಿದವರು ಬಿಲ್ಲಿನ ಬಾಲ ನೋಡಿ ಬೆಚ್ಚುವುದುಂಟು. ದುಬೈನಲ್ಲಿ ಕೋಣೆಯ ದರದ ಮೇಲೆ ಶೇ 10 ಸೇವಾಶುಲ್ಕ, ಶೇ 7 ನಗರಪಾಲಿಕೆ ಶುಲ್ಕ, ಅದರ ಜತೆಗೆ 2018ರಿಂದ ಶೇ 5 ವ್ಯಾಟ್. ವ್ಯಾಟ್ ಸೇವಾಶುಲ್ಕದ ಮೇಲೂ ಬೀಳುವುದರಿಂದ ಸಾವಿರ ದಿರ್ಹಮ್ ಕೋಣೆ 1,225ಕ್ಕೆ ಬಂದು ನಿಲ್ಲುತ್ತದೆ. ಮೇಲೆ, 2014ರಲ್ಲಿ ಬಂದ ‘ಟೂರಿಸಂ ದಿರ್ಹಮ್’: ಐದು ತಾರೆಯಾದರೆ ರಾತ್ರಿಗೆ 20. ಜಾಲತಾಣದಲ್ಲಿ ಕಾಯ್ದಿರಿಸುವಾಗ ಇವು ಸೇರಿವೆಯೇ ಎಂದು ಸಣ್ಣ ಅಕ್ಷರ ಓದಿಕೊಳ್ಳಬೇಕು. ಒಳಗೆ ಹೋದೊಡನೆ ಕಾರ್ಡಿನಲ್ಲಿ ಠೇವಣಿ ಎಂದು ಒಂದಿಷ್ಟು ಹಣ ತಡೆಹಿಡಿಯುತ್ತಾರೆ. ಹೊರಟ ಮೇಲೆ ಅದು ಬಿಡುಗಡೆಯಾಗಲು ಕೆಲ ದಿನ ಹಿಡಿಯುತ್ತದೆ. ಕೆಲವು ಹೋಟೆಲುಗಳಲ್ಲಿ ಮಿನಿಬಾರಿನ ತಟ್ಟೆಗೇ ಸೆನ್ಸರ್ ಇರುತ್ತದೆ. ಗೋಡಂಬಿ ಪೊಟ್ಟಣ ಎತ್ತಿ ದರ ನೋಡಿ ಗಾಬರಿಯಾಗಿ ವಾಪಸ್ ಇಡುವಷ್ಟರಲ್ಲಿ ಬಿಲ್ಲಿಗೆ ಸೇರಿರುವ ಸಾಧ್ಯತೆ ಉಂಟು. ನಾಷ್ಟಾದ ಬಗ್ಗೆ ಹೆಚ್ಚು ಹೇಳುವುದಿಲ್ಲ: ಜಗತ್ತಿನ ತಿಂಡಿಯೆಲ್ಲ ಇರುತ್ತದೆ, ಇಡ್ಲಿ ಮಾತ್ರ ಗಟ್ಟಿ.

ಕೊಲ್ಲಿಯ ಸಿರಿಗೂ ನಮ್ಮ ಸೀಮೆಗೂ ಸಂಬಂಧ ಇಂದಿನದಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ವಿಜಯನಗರದ ಕಾಲದಲ್ಲಿ ಆ ಕಡಲ ದುಬೈ ಎಂದರೆ ಹರ್ಮುಜ್: ಕುಡಿಯುವ ನೀರನ್ನೂ ದೋಣಿಯಲ್ಲಿ ತರಿಸಿಕೊಳ್ಳುತ್ತಿದ್ದ ಬೋಳು ದ್ವೀಪ, ಆದರೂ ಲೋಕದ ವರ್ತಕರೆಲ್ಲ ಸೇರುತ್ತಿದ್ದ ಪೇಟೆ. ವಿಜಯನಗರದ ಅಶ್ವದಳಕ್ಕೆ ಬೇಕಾದ ಕುದುರೆಗಳು ಅಲ್ಲಿಂದ ಹಡಗೇರಿ ಭಟ್ಕಳ, ಗೋವೆಗಳಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ಈಗ ಶಿಗ್ಗಾಂವಿ ತಾಲ್ಲೂಕಿನಲ್ಲಿರುವ ಬಂಕಾಪುರ ಆ ದಾರಿಯ ಮುಖ್ಯ ಠಾಣ್ಯ. ಗೋವೆ ಪೋರ್ಚುಗೀಸರ ಕೈಸೇರಿದ ಮೇಲೆ 1512ರಲ್ಲಿ ಬಂಕಾಪುರದ ನಾಯಕ ಕುದುರೆಗಳಿಗಾಗಿ ಅವರ ಗವರ್ನರ್ ಆಲ್ಬುಕರ್ಕನ ಬಳಿಗೆ ದೂತರನ್ನು ಕಳಿಸಿದ್ದ.

ಅತಿಥಿಯಾಗಿ ಬಂದವನೂ ಒಬ್ಬನಿದ್ದಾನೆ. ಹೆರಾತಿನ ದೊರೆ ಶಾರುಖನ ರಾಯಭಾರಿ ಅಬ್ದುರ್ ರಜಾಕ್ 1442ರಲ್ಲಿ ಹರ್ಮುಜ್‌ನಲ್ಲಿ ಹಡಗು ಹತ್ತಿದ. ಮಸ್ಕತ್ತಿನ ಕಡೆಯ ಸೆಕೆಗೆ ಕಾಯಿಲೆ ಬಿದ್ದು, ಹೇಗೋ ಕಲ್ಲಿಕೋಟೆ ಮುಟ್ಟಿ, 1443ರಲ್ಲಿ ಮಂಗಳೂರು, ಬೇಲೂರು ಮಾರ್ಗವಾಗಿ ವಿಜಯನಗರಕ್ಕೆ ಬಂದ. ಎರಡನೆಯ ದೇವರಾಯ ಅವನಿಗೆ ಬಿಡಾರ ಕೊಡಿಸಿ, ದಿನವೂ ಕಳಿಸುತ್ತಿದ್ದ ಸಾಮಗ್ರಿಯ ಪಟ್ಟಿಯನ್ನು ರಜಾಕನೇ ಬರೆದಿಟ್ಟಿದ್ದಾನೆ: ಎರಡು ಕುರಿ, ನಾಲ್ಕು ಜತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಕೈಖರ್ಚಿಗೆ ಎರಡು ವರಹ. ವೀಳ್ಯದೆಲೆಯ ಗುಣಗಾನವನ್ನಂತೂ ಮನಸಾರೆ ಮಾಡಿದ್ದಾನೆ. ಬಿಲ್ ಕಟ್ಟುವ ಬದಲು ಅತಿಥಿಯೇ ದಿನಕ್ಕೆರಡು ಚಿನ್ನದ ನಾಣ್ಯ ಪಡೆಯುತ್ತಿದ್ದ ವಸತಿ ಅದು. ಅಲ್ಲಿಂದ ತೀರಾ ಇತ್ತ ಬಂದರೆ, ಯುಎಇ ಎಂಬ ದೇಶ ಹುಟ್ಟುವ ಮೊದಲು, 1966ರವರೆಗೂ ದುಬೈ, ಅಬುಧಾಬಿ ಪೇಟೆಗಳಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿ. ದುಬೈನಿಂದ ಕಳ್ಳದಾರಿಯಲ್ಲಿ ಚಿನ್ನ ಬರುವುದು ಹೆಚ್ಚಾಗಿ ವಿದೇಶಿ ವಿನಿಮಯ ಸೋರಿಹೋದಾಗ, 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಮುದ್ರಿಸಿತು. 1966ರ ಜೂನ್‌ನಲ್ಲಿ ರೂಪಾಯಿ ಅಪಮೌಲ್ಯಗೊಂಡ ಮೇಲೆ ಅಲ್ಲಿಯವರು ಅದನ್ನು ಕೈಬಿಟ್ಟರು.

ಇನ್ನು ಅತಿಥಿ ಹಣ ಕೊಡುವ ಮೂರನೆಯದು, ಕಣ್ಣಿಗೆ ಬೀಳದ ಕೈಗಳು. ಐಷಾರಾಮಿ ಹೋಟೆಲಿನ ಮೊದಲ ನಿಯಮ ಕೆಲಸ ಕಾಣಬೇಕು, ಕೆಲಸದವರು ಕಾಣಬಾರದು ಎಂಬುದು. ಅವರಿಗೆ ಬೇರೆ ಲಿಫ್ಟ್, ಬೇರೆ ಓಣಿ, ಬೇರೆ ಬಾಗಿಲು. ಊರಿಗೆ ಫೋನ್ ಹಚ್ಚಿ ಓಣಿಯಲ್ಲಿ ಜೋರಾಗಿ ಮಾತಾಡುತ್ತ ಬಂದದ್ದರಿಂದ ನನಗೆ ಒಬ್ಬರು ಕಂಡರು. ಟವೆಲ್ ತುಂಬಿದ ತಳ್ಳುಗಾಡಿಯ ಹಿಂದಿನಿಂದ ದನಿ ಬಂತು.

“ಹುಬ್ಬಳ್ಳಿ ಕಡೆಯವ್ರೇನ್ರೀ ಸರ?”

“ಹಾನಗಲ್ ನಮ್ದು. ನಿಮ್ದ್ಯಾವೂರ್ರೀ?”

“ಶಿಗ್ಗಾಂವಿ ಸನೇಕ ಒಂದ್ ಹಳ್ಳಿರಿ. ಬಾಡ ಗೊತ್ತಲ್ರಿ, ಕನಕದಾಸ್ರದ್ದು? ಅದರ ಆಚಿಗೆ.”

ಮುಂದಿನ ಮಾತು ಕೆಲಸ ನಿಲ್ಲಿಸದೆಯೇ ನಡೆಯಿತು. ಚಾದರದ ಮೂಲೆಯನ್ನು ಲಕೋಟೆಯಂತೆ ಓರೆಗೆ ಮಡಿಚಿ ಹಾಸಿಗೆಯಡಿ ಸಿಕ್ಕಿಸಿದರು. ಅಂಗೈಯಿಂದ ಒಮ್ಮೆ ಎಳೆದಿದ್ದಕ್ಕೆ ಸುಕ್ಕೆಲ್ಲ ಮಾಯ. ಒಂದು ಪಾಳಿಗೆ ಹನ್ನೆರಡು-ಹದಿನಾಲ್ಕು ಕೋಣೆ. ಒಂದಕ್ಕೆ ಅರ್ಧ ಗಂಟೆ ಸಿಕ್ಕರೆ ಪುಣ್ಯ. ಸಂಜೆಗೆ ಇನ್ನೊಂದು ಸುತ್ತು ಬಂದು ಪರದೆ ಎಳೆದು, ದಿಂಬು ಸರಿಮಾಡಿ, ಚಾಕೊಲೇಟ್ ಇಟ್ಟು ಹೋಗಬೇಕು. “ಬಿಸಲಿದ್ದಾಗ ಕರ್ಟನ್ ಮುಚ್ಚೇ ಇಡ್ರಿ ಸರ,” ಎಂದರು. “ಗೆಸ್ಟ್ ಎಲ್ಲಾ ಸಮುದ್ರ ನೋಡಾಕಂತ ತಗದಿಟ್ಟು ಹೋಗಿಬಿಡ್ತಾರ. ತಿರಗಿ ಬಂದ್ ಮ್ಯಾಲ ಎಸಿ ಸಾಲೂದಿಲ್ಲಂತ ಕಂಪ್ಲೇಂಟ್ ನಮಗ ಬರ್ತೈತಿ.” ವಸತಿ, ಊಟ, ಹೋಗಿಬರುವ ಬಸ್ಸು ಹೋಟೆಲಿನದೇ, ಒಂದು ಕೋಣೆಯಲ್ಲಿ ಆರು ಮಂದಿ. ಅಲ್ಲಿಯೂ ಎಸಿ ಇದೆ, ರಿಮೋಟ್ ಯಾರ ಕೈಲಿರಬೇಕು ಎಂಬುದೇ ದಿನದ ಜಗಳ ಎಂದು ನಕ್ಕರು.

ತಳ್ಳುಗಾಡಿ ಮುಂದಕ್ಕೆ ದೂಡುವ ಮೊದಲು ಒಂದು ವಿಷಯ ಕೇಳಿದರು. ಚಿಕ್ಕಪ್ಪನ ಮಗ ಬರಬೇಕೆಂದು ಕೂತಿದ್ದಾನೆ, ಊರಲ್ಲಿ ಯಾರೋ ಏಜೆಂಟ್ ಒಂದೂವರೆ ಲಕ್ಷ ಕೇಳುತ್ತಿದ್ದಾನೆ, ಕೊಡಬಹುದೇ? “ಹೊಲ ಒತ್ತಿ ಹಾಕ್ತೀನಿ ಅಂತಾನ್ರಿ ಅಂವ.”

ಕೊಡಬೇಕಿಲ್ಲ. ನೋಂದಾಯಿತ ಏಜೆಂಟರು ಉದ್ಯೋಗಾಕಾಂಕ್ಷಿಯಿಂದ ಪಡೆಯಬಹುದಾದ ಸೇವಾಶುಲ್ಕಕ್ಕೆ ಭಾರತದ ಕಾನೂನು 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿ ಹಾಕಿದೆ. ಯುಎಇಯ 2021ರ ಕಾರ್ಮಿಕ ಕಾನೂನಂತೂ ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡುವುದನ್ನೇ ನಿಷೇಧಿಸುತ್ತದೆ. ಪಾಸ್‌ಪೋರ್ಟ್ ಮಾಲೀಕ ಇಟ್ಟುಕೊಳ್ಳುವಂತಿಲ್ಲ. ಸಾಮಾನ್ಯವಾಗಿ ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ‘ಇಸಿಆರ್’ ವರ್ಗದ್ದು. ಅವರು ಕೆಲಸಕ್ಕೆಂದು ಯುಎಇ ಸೇರಿ 18 ದೇಶಗಳಿಗೆ ಹೋಗಲು ವಲಸೆ ಅನುಮತಿ ಪಡೆಯಲೇಬೇಕು. ‘ಪ್ರವಾಸಿ ಭಾರತೀಯ ಬಿಮಾ ಯೋಜನೆ’ಯಡಿ ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ 10 ಲಕ್ಷದ ವಿಮೆ ಇದೆ. ಸಂದರ್ಶಕ ವೀಸಾದ ಮೇಲೆ ಕಳಿಸಿ ‘ಹೋದ ಮೇಲೆ ಎಲ್ಲಾ ಸರಿ ಮಾಡ್ತೀವಿ’ ಎನ್ನುವವರಿಗೆ ಈ ಯಾವ ಕಾಗದವೂ ಬೇಕಿರುವುದಿಲ್ಲ, ಅನುಮಾನ ಪಡಬೇಕಾದದ್ದು ಅಲ್ಲೇ. ವಿದೇಶಾಂಗ ಸಚಿವಾಲಯದ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಏಜೆಂಟನ ನೋಂದಣಿ ಇದೆಯೇ ಇಲ್ಲವೇ ಎಂದು ಮನೆಯಲ್ಲೇ ಕೂತು ಮೊಬೈಲಿನಲ್ಲಿ ನೋಡಿಕೊಳ್ಳಬಹುದು.